ಬಾಣ ಕೂರೋದು ಎಲ್ಲಿ? ಮೊದಲು ಅದನ್ನ ನೋಡ್ರಿ!

ಕೊಪ್ಪಳ: ಆನೆಗೊಂದಿ, ಅಂಜನಾದ್ರಿ ಸೀಮೆಯವರಿಗೆ ಬಿಲ್ಲು-ಬಾಣದ ಕಥೆ ಹೊಸದೇನಲ್ಲ. ಕಿಷ್ಕಿಂಧೆ ಇದೇ ಎಂದು ನಂಬಿದ ನೆಲವಿದು. ಆದರೆ ರಾಮನ ಬಿಲ್ಲಿಗೆ ಗಾಲಿ ಇರಲಿಲ್ಲ. ಬಾಣಕ್ಕೆ ಬೇರೆ ಆಸರೆಯೂ ಬೇಕಿರಲಿಲ್ಲ. ಹಿಡಿದ ಮುಷ್ಟಿಯೇ ಆಸರೆ!

ಈಗಿನ ಕಾಂಪೌಂಡ್ ಬಿಲ್ಲಿನ ಸಂಗತಿ ಬೇರೆ. ಅಮೆರಿಕದ ಹಾಲೆಸ್ ವಿಲ್ಬರ್ ಆಲನ್ 1969ರಲ್ಲಿ ಪೇಟೆಂಟ್ ಪಡೆದ ಬಿಲ್ಲಿದು. ತುದಿಯ ಗಾಲಿಗಳಿಂದಾಗಿ ಪೂರ್ತಿ ಎಳೆದ ಮೇಲೆ ಕೈಮೇಲಿನ ಭಾರ ಇಳಿಯುತ್ತದೆ. 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ವಿಜಯವಾಡದ ಜ್ಯೋತಿ ಸುರೇಖಾ ಮೂರು ಚಿನ್ನ ಹೊಡೆದದ್ದು ಇಂಥ ಬಿಲ್ಲಿನಿಂದಲೇ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೂ ಮಿಶ್ರ ತಂಡದ ಸ್ಪರ್ಧೆಯಾಗಿ ಇದು ಬರಲಿದೆ. ಇನ್ನು ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ "ಅಪ್ಪಾ, ನನಗೂ ಒಂದು ಬಿಲ್ಲು ಕೊಡ್ಸು" ಎಂದು ಹುಡುಗಿ ಹಟ ಹಿಡಿದರೆ ತಪ್ಪೇನು?

ಅಪ್ಪ ಬಿಲ್ಲಿನ ಬೆಲೆ ನೋಡ್ತಾನೆ, ಬಣ್ಣ ನೋಡ್ತಾನೆ. ಬಾಣ ಕೂರುವ ಅಂಗೈಯಗಲದ ಸಾಮಾನನ್ನು ಮಾತ್ರ ನೋಡೋದಿಲ್ಲ. ಆಟಗಾರರ ಬಾಯಲ್ಲಿ ಅದು 'ರೆಸ್ಟ್'. ಹೊರಡುವ ಬಾಣಕ್ಕೆ ತಗಲುವ ಕಡೆಯ ವಸ್ತುಗಳಲ್ಲಿ ಇದೊಂದು. ಕೂದಲೆಳೆಯಷ್ಟು ಆಚೀಚೆಯಾದರೂ 50 ಮೀಟರ್ ದೂರದಲ್ಲಿ ಲೆಕ್ಕ ತಪ್ಪುತ್ತದೆ. ಅಲ್ಲಿ ಹತ್ತು ಅಂಕದ ವೃತ್ತ ಇರುವುದೇ 8 ಸೆಂಟಿಮೀಟರ್. ತಕ್ಕಡಿಯ ಮುಳ್ಳು ಸೊಟ್ಟಗಿದ್ದರೆ ತೂಕ ಸರಿ ಬಂದೀತೇ?

ರೆಸ್ಟ್‌ಗಳಲ್ಲಿ ಹಲವು ಬಗೆ. ಸೀಸೆ ತೊಳೆಯುವ ಬ್ರಷ್ಷನ್ನು ಬಳೆಯಾಗಿ ಬಗ್ಗಿಸಿದಂಥದ್ದು ಒಂದು. ಸುತ್ತಲೂ ಬಿರುಸು ಕೂದಲು, ನಡುವೆ ಬಾಣ. ಬಿಲ್ಲು ವಾಲಿಸಿದರೂ ಬಾಣ ಬೀಳದು. ಹೊಸಬರಿಗೆ ಇದು ದೊಡ್ಡ ಭದ್ರತೆ. ಯಾಕಂದ್ರೆ ಎಳೆದು ನಿಂತಾಗ ಬಾಣ ಜಾರಿ, ಗಾಬರಿಯಲ್ಲಿ ಹೆದೆ ಬಿಟ್ಟರೆ ಬಿಲ್ಲಿನ ತೋಳೇ ಸೀಳಬಹುದು, ಮುಖಕ್ಕೂ ಅಪಾಯ. ಆದರೆ ಬಾಣದ ಗರಿ ಆ ಕೂದಲನ್ನು ಉಜ್ಜಿಕೊಂಡೇ ಹೋಗಬೇಕು. ಕೂದಲು ಸವೆದಂತೆ ಬಾಣ ತಗ್ಗುತ್ತದೆ. ನಮ್ಮ ಎರೆಮಣ್ಣಿನ ಧೂಳು ಸೇರಿದರಂತೂ ಕೇಳೋದೇ ಬ್ಯಾಡ.

ಇನ್ನೊಂದು, ಸ್ಪರ್ಧೆಯವರು ಮೆಚ್ಚುವ ಉಕ್ಕಿನ ತೆಳು ಪಟ್ಟಿ. ತುದಿಯಲ್ಲಿ ಕವಲು, ಅದರ ಮೇಲೆ ಬಾಣ. ಇದರಲ್ಲಿ ಚಲಿಸುವ ಭಾಗ ಕಡಿಮೆ, ಕೆಡುವ ಭಾಗವೂ ಕಡಿಮೆ. ರಿಲೀಸ್ ಉಪಕರಣದಿಂದ ಬಿಟ್ಟ ಬಾಣ ಹೆಚ್ಚಾಗಿ ಮೇಲೆ-ಕೆಳಗೆ ಬಳುಕುತ್ತದೆ. ಅದಕ್ಕೆ ಪಟ್ಟಿಯೂ ಕೆಳಗಿನಿಂದ ತುಸು ಬಾಗಿ ಕೊಡುತ್ತದೆ. ಬೆರಳಿನಿಂದ ಬಿಡುವ ರಿಕರ್ವ್ ಬಿಲ್ಲಿನಲ್ಲಿ ಬಳುಕು ಅಡ್ಡಕ್ಕೆ. ಅಲ್ಲಿ ಪಕ್ಕಕ್ಕೊಂದು ಸ್ಪ್ರಿಂಗ್ ಗುಂಡಿ. ಎರಡನ್ನೂ ಅದಲುಬದಲು ಮಾಡಿ ಮಾರುವವರಿದ್ದರೆ ಹುಷಾರ್!

ಮೂರನೆಯದು ಬೀಳುವ ರೆಸ್ಟ್. ಬಾಣ ಹೊರಟ ಕೂಡಲೇ ತಾನೇ ಕೆಳಗೆ ಬಾಗಿ ಗರಿಗೆ ದಾರಿ ಬಿಡುತ್ತದೆ. ಚೆಂದವೇ. ಆದರೆ ಇದರ ಜೀವ ಕೇಬಲ್ಲಿಗೋ ಬಿಲ್ಲಿನ ತೋಳಿಗೋ ಕಟ್ಟಿದ ಒಂದು ದಾರದಲ್ಲಿ. ಗಂಟು ಸಡಿಲವಾದರೆ ಹೊತ್ತು ತಪ್ಪಿತು, ಗರಿ ಬಡಿಯಿತು. ತಿದ್ದಿಕೊಡುವ ಗುರು ಹತ್ತಿರದಲ್ಲಿದ್ದರೆ ಮಾತ್ರ ಇದನ್ನ ತಗೊಳ್ರಿ. ಹೊರದೇಶದಲ್ಲಿ ಬೇಟೆಗಾರರೂ ಇದನ್ನು ಬಳಸುತ್ತಾರೆ. ನಮ್ಮಲ್ಲಿ 1972ರ ಕಾಯಿದೆಯಂತೆ ಕಾಡುಪ್ರಾಣಿಯ ಬೇಟೆ ಅಪರಾಧ. ಬಿಲ್ಲು ಬೆಂಡಿನ ಗುರಿಫಲಕಕ್ಕೆ ಮಾತ್ರ.

ಹಾಗಾದರೆ ಮೊದಲ ವರ್ಷಕ್ಕೆ ಯಾವುದು? ಬ್ರಷ್ಷಿನದೇ ವಾಸಿ. ಬಿಲ್ಲು ಕೈಯಲ್ಲಿ ಅಲ್ಲಾಡದೆ ನಿಂತ ಮೇಲೆ ಪಟ್ಟಿ. ಕೊಳ್ಳುವಾಗ ಬಲಗೈಯದೋ ಎಡಗೈಯದೋ ಕೇಳ್ರಿ, ಬಿಲ್ಲಿನ ಬೋಲ್ಟಿನ ತೂತಿಗೆ ಹೊಂದುತ್ತದೋ ನೋಡ್ರಿ. ಅಗ್ಗ ಅಂತ ತಂದದ್ದು ಕೂರದಿದ್ದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ರಿಪೇರಿಯಾಗದು.

ಪಟ್ಟಿಯದಾಗಲಿ ಬೀಳುವುದಾಗಲಿ, ಗರಿ ಎಲ್ಲಿ ತಗಲುತ್ತದೆಂದು ತಿಳಿಯಲು ಹಳೇ ಉಪಾಯವೊಂದಿದೆ: ಗರಿಗೆ ತುಸು ಲಿಪ್‌ಸ್ಟಿಕ್ ಹಚ್ಚಿ ಬಾಣ ಬಿಡ್ರಿ, ಬಣ್ಣ ಮೆತ್ತಿದ ಕಡೆಯೇ ತೊಡಕು. ಮನೆಯವರದ್ದನ್ನ ಮಾತ್ರ ಕೇಳಿಯೇ ತಗೊಳ್ರಿ.