ಹಳೆಯ ಗಣಕಯಂತ್ರಕ್ಕೆ ಹೊಸ ಬಾಳು

ತಾಳೆಗರಿ ಶಿಥಿಲವಾಗುವ ಮುನ್ನವೇ ಪ್ರತಿ ಮಾಡಿ, ಮೂಲದೊಡನೆ ಹೋಲಿಸಿ ನೋಡಬೇಕೆಂದು ಮಠದಲ್ಲಿ ಗುರುಗಳು ಕಲಿಸಿದ್ದರು. ಅರವತ್ತು ದಾಟಿದ ಮೇಲೆ ಗಣಕಯಂತ್ರದ ಮುಂದೆ ಕುಳಿತಾಗ ಆ ಪಾಠ ಮತ್ತೆ ನೆನಪಾಯಿತು.

ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ನಾನು ಹೋಗಿಬಂದ ಮನೆಗಳಲ್ಲಿ ಮಕ್ಕಳ ಓದಿಗೆಂದು ಕೊಂಡ ಹಳೆಯ ಗಣಕಯಂತ್ರಗಳನ್ನು ಕಂಡಿದ್ದೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಹಳೆಯ ಯಂತ್ರಗಳು ಬಹುಮಟ್ಟಿಗೆ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹಾಗೆಂದು ಅವುಗಳನ್ನು ಗುಜರಿಗೆ ಹಾಕಬೇಕಿಲ್ಲ.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಮುಕ್ತ ತಂತ್ರಾಂಶ; ಯಾರಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಅದನ್ನು ಆಧರಿಸಿದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರವಾದುದು. 2 ಜಿಬಿ ರ್‍ಯಾಮ್ ಇದ್ದರೂ ನಡೆಯುತ್ತದೆ, 4 ಜಿಬಿ ಇದ್ದರೆ ಸುಗಮ. ಯಂತ್ರ ಮಾತ್ರ 64 ಬಿಟ್‌ನದಾಗಿರಬೇಕು.

ನನ್ನ ಅವಸರದ ಫಲವನ್ನು ಇಲ್ಲಿ ಮುಚ್ಚಿಡಲಾರೆ. ಇಪ್ಪತ್ತು ವರ್ಷಗಳಿಂದ ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಉಪನ್ಯಾಸಗಳನ್ನು ಹೊಸ ವ್ಯವಸ್ಥೆಯಲ್ಲಿ ತೆರೆದಾಗ ಕನ್ನಡವೇ ಇಲ್ಲ. ಬರೀ ಅರ್ಥವಿಲ್ಲದ ರೋಮನ್ ಚಿಹ್ನೆಗಳು! ಎದೆ ಧಸಕ್ಕೆಂದಿತು. ಕಾಲೇಜಿನಲ್ಲಿ ಓದುವ ನಮ್ಮ ಮೊಮ್ಮಗಳು ಸಮಾಧಾನ ಹೇಳಿದಳು: "ಅಜ್ಜಾ, ಬರಹ ಅಳಿದಿಲ್ಲ. ಹಳೆಯ ನುಡಿ ಅಕ್ಷರಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿವೆ. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳಿವೆ." ಪುಣ್ಯಕ್ಕೆ ಪೆನ್ ಡ್ರೈವಿನಲ್ಲಿ ಒಂದು ಪ್ರತಿಯಿತ್ತು. ವಿಂಡೋಸ್ ಇದ್ದ ಬೇರೊಂದು ಯಂತ್ರದಲ್ಲಿ ನುಡಿಯ ಪರಿವರ್ತಕದಿಂದ ಅದನ್ನು ಯೂನಿಕೋಡ್‌ಗೆ ತಂದೆವು. ಅರ್ಕಾವತ್ತು ಇದ್ದ ಕಡೆಗಳಲ್ಲಿ ಕೆಲವು ತಪ್ಪುಗಳಾಗಿದ್ದವು. ಎರಡು ವಾರ ಕುಳಿತು ತಿದ್ದಿದೆ.

ಆದುದರಿಂದ ಕ್ರಮ ಹೀಗಿರಲಿ. ಮೊದಲು ಕಡತಗಳನ್ನೆಲ್ಲ ಎರಡು ಕಡೆ ನಕಲಿಸಿಡಿ. ವಿಂಡೋಸ್ ಇರುವಾಗಲೇ ನುಡಿ ಕಡತಗಳನ್ನು ಪರಿವರ್ತಿಸಿ, ಓದಿ ನೋಡಿ. ಬಳಿಕ 8 ಜಿಬಿಯ ಖಾಲಿ ಪೆನ್ ಡ್ರೈವಿಗೆ ಮಿಂಟ್ ಇಳಿಸಿ, ಅದರಿಂದಲೇ ಯಂತ್ರವನ್ನು ಚಾಲೂ ಮಾಡಿ. ಸ್ಥಾಪಿಸದೆಯೇ ಪರೀಕ್ಷಿಸಬಹುದು; ಆಗ ತುಸು ನಿಧಾನವೆನಿಸುವುದು ಸಹಜ. ವೈಫೈ, ಮುದ್ರಕ, ಧ್ವನಿ ಸರಿಯೆನಿಸಿದ ಮೇಲಷ್ಟೇ ಸ್ಥಾಪನೆಗೆ ಕೈಹಾಕಿ. ಡಿಸ್ಕ್ ಅಳಿಸುವ ಆಯ್ಕೆಯನ್ನು ಒತ್ತಿದರೆ ಹಳೆಯದೆಲ್ಲ ಹೋದಂತೆಯೇ!

ಕೀಲಿಮಣೆಯ ವಿನ್ಯಾಸಗಳಿಗೆ ಕನ್ನಡದ 'ಕಗಪ'ವನ್ನು ಸೇರಿಸಿದರೆ ನುಡಿಗೆ ಪಳಗಿದ ಬೆರಳುಗಳಿಗೆ ಹೆಚ್ಚು ಕಷ್ಟವಿಲ್ಲ. ಬರವಣಿಗೆಗೆ ಲಿಬ್ರೆ ಆಫೀಸ್ ಜೊತೆಗೇ ಬರುತ್ತದೆ. ಆದರೆ ವಿಂಡೋಸ್‌ಗಾಗಿಯೇ ರೂಪಿಸಿದ ಲೆಕ್ಕಪತ್ರದ ತಂತ್ರಾಂಶದಿಂದ ಅಂಗಡಿ ನಡೆಸುವವರು ಆ ಯಂತ್ರವನ್ನು ಬದಲಿಸದಿರುವುದೇ ಲೇಸು.

ಈ ಲೇಖನವನ್ನು ಅದೇ ಹಳೆಯ ಯಂತ್ರದಲ್ಲಿ ಬರೆದಿದ್ದೇನೆ. ಇದರ ಪ್ರತಿಯೂ ಎರಡು ಕಡೆ ಇದೆ.