ಗಾಡಿ ಎಷ್ಟು ಓಡಿದೆ?

ಊರಿಗೆ ಕಾಯಂ ಆಗಿ ಹೊರಟವರ ಗಾಡಿ ಮಾರಾಟಕ್ಕಿದೆ ಎಂಬ ಸುದ್ದಿ ನಮ್ಮವರ ನಡುವೆ ಹರಡಲು ಹೆಚ್ಚು ಹೊತ್ತು ಬೇಡ. ಎಲ್ಲರೂ ಕೇಳುವ ಮೊದಲ ಪ್ರಶ್ನೆಯೂ ಒಂದೇ, "ಎಷ್ಟು ಓಡಿದೆ?" ಅರುವತ್ತು ಸಾವಿರ ಕಿಲೋಮೀಟರು ಎಂದರೆ ಮುಖ ಅರಳುತ್ತದೆ. ಎರಡು ಲಕ್ಷ ಎಂದರೆ "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎಂಬ ಉತ್ತರ ಬರುತ್ತದೆ. ಪ್ರಶ್ನೆ ತಪ್ಪಲ್ಲ, ಆದರೆ ಅರ್ಧ ಪ್ರಶ್ನೆ.

ಎರಡು ಗಾಡಿಗಳನ್ನು ಊಹಿಸಿಕೊಳ್ಳಿ. ಒಂದು, ದುಬೈಯಿಂದ ಅಬುಧಾಬಿಗೆ ದಿನಾಲೂ ಹೋಗಿ ಬರುವವರದು. ಒಂದು ಕಡೆಗೆ ಸುಮಾರು 140 ಕಿಲೋಮೀಟರು. ಮೂರು ವರ್ಷದಲ್ಲಿ ಎರಡು ಲಕ್ಷ ದಾಟುತ್ತದೆ. ಇನ್ನೊಂದು, ಮಕ್ಕಳನ್ನು ಶಾಲೆಗೆ ಬಿಡಲು, ತರಕಾರಿ ತರಲು ಬಳಸುವ ಗಾಡಿ. ಐದು ವರ್ಷದಲ್ಲಿ ಅರುವತ್ತು ಸಾವಿರ. ಈಗ ಕಿಲೋಮೀಟರು ಬಿಟ್ಟು ಗಂಟೆಯ ಲೆಕ್ಕ ಹಾಕೋಣ. ಹೆದ್ದಾರಿಯ ಗಾಡಿಯ ಸರಾಸರಿ ವೇಗ ಗಂಟೆಗೆ 90 ಎಂದಿಟ್ಟುಕೊಂಡರೆ ಅದರ ಎಂಜಿನ್ ತಿರುಗಿದ್ದು ಸುಮಾರು 2,200 ಗಂಟೆ. ಶಾಲೆಯ ಗಾಡಿಯದು, ಸಿಗ್ನಲು ಮತ್ತು ಗೇಟಿನ ಮುಂದಿನ ಸಾಲು ಸೇರಿಸಿ, ಸರಾಸರಿ 20 ಎಂದರೂ 3,000 ಗಂಟೆ! ಮೀಟರಿನಲ್ಲಿ ಎಳೆಯದಾಗಿ ಕಾಣುವ ಎಂಜಿನ್ನೇ ಹೆಚ್ಚು ದುಡಿದಿದೆ.

ಅಷ್ಟೇ ಅಲ್ಲ. ಹೆದ್ದಾರಿಯ ಗಾಡಿ ದಿನಕ್ಕೆರಡು ಸಲ ಸ್ಟಾರ್ಟ್ ಆಗಿ, ಮೇಲಿನ ಗೇರಿನಲ್ಲಿ, ಒಂದೇ ಹದದಲ್ಲಿ ಸಾಗುತ್ತದೆ. ಎದುರುಗಾಳಿ ರೇಡಿಯೇಟರನ್ನು ತಂಪಾಗಿಡುತ್ತದೆ. ಶಾಲೆಯ ಗಾಡಿ ದಿನಕ್ಕೆ ಏಳೆಂಟು ಸಲ ಸ್ಟಾರ್ಟ್ ಆಗುತ್ತದೆ. ನಾಲ್ಕು ಕಿಲೋಮೀಟರಿನ ಓಟದಲ್ಲಿ ಎಂಜಿನ್ ಆಯಿಲು ಪೂರ್ತಿ ಕಾಯುವುದಿಲ್ಲ. ಅದರೊಳಗೆ ಸೇರಿದ ನೀರಿನಂಶ, ಪೆಟ್ರೋಲಿನಂಶ ಆವಿಯಾಗಿ ಹೊರಟು ಹೋಗುವುದಿಲ್ಲ. ಆಮೇಲೆ 45 ಡಿಗ್ರಿ ಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡು ಅರ್ಧ ಗಂಟೆ ನಿಂತಲ್ಲೇ ನಿಲ್ಲುವುದು. ಆಗ ರೇಡಿಯೇಟರಿಗೆ ಫ್ಯಾನಿನ ಗಾಳಿಯೇ ಗತಿ. ಅಮೆರಿಕದ ಪೊಲೀಸ್ ಗಾಡಿಗಳು ಹೀಗೆಯೇ ನಿಂತಲ್ಲೇ ಗುಡುಗುಡು ಎನ್ನುವುದರಿಂದ ಫೋರ್ಡ್ ಕಂಪೆನಿಯು ಒಂದು ಗಂಟೆಯ ಐಡಲಿಂಗ್ ಎಂದರೆ 33 ಮೈಲಿ, ಅಂದರೆ ಸುಮಾರು 53 ಕಿಲೋಮೀಟರು ಓಡಿದ ಹಾಗೆ ಎಂದು ಲೆಕ್ಕ ಕೊಟ್ಟಿದೆ. ದಿನಕ್ಕೆ ಅರ್ಧ ಗಂಟೆಯಂತೆ ವರ್ಷದ 200 ಶಾಲಾ ದಿನಗಳಿಗೆ 5,300 ಕಿಲೋಮೀಟರು, ಮೀಟರಿನಲ್ಲಿ ಕಾಣದೆ! (ಗಾಡಿಯಲ್ಲಿ ಮಗು ಕುಳಿತಿರುವಾಗ ಎ.ಸಿ. ಆರಿಸಿ ಎಂದು ನಾನು ಹೇಳುತ್ತಿಲ್ಲ. ಆಯಿಲನ್ನು ಬೇಗ ಬದಲಿಸಿ ಎನ್ನುತ್ತಿದ್ದೇನೆ.)

ಎರಡು ಲಕ್ಷ ಓಡಿದ ಗಾಡಿಗಳನ್ನೆಲ್ಲ ಕಣ್ಣು ಮುಚ್ಚಿ ಕೊಳ್ಳಬಹುದೆಂದು ಇದರ ಅರ್ಥವಲ್ಲ. ಚಕ್ರದ ಬೇರಿಂಗು, ಶಾಕ್ ಅಬ್ಸಾರ್ಬರು, ರಬ್ಬರ್ ಬುಷ್ಷುಗಳು ದೂರದ ಲೆಕ್ಕದಲ್ಲೇ ಸವೆಯುತ್ತವೆ. ಆದರೆ ಸರ್ವೀಸು ಚೀಟಿಗಳನ್ನು ಜೋಪಾನವಾಗಿ ಇಟ್ಟ ಮಾಲೀಕನ ಎರಡು ಲಕ್ಷ, ಚೀಟಿಯೇ ಇಲ್ಲದವನ ಅರುವತ್ತು ಸಾವಿರಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಗಾಡಿಯ ಜೊತೆ ಬರುವ ಕೈಪಿಡಿಯನ್ನು ನಮ್ಮಲ್ಲಿ ಓದುವವರು ಕಡಿಮೆ. ಓದಿದವರೂ ಮೊದಲ ಕೋಷ್ಟಕಕ್ಕೆ ನಿಲ್ಲುತ್ತಾರೆ. ಹಲವು ಕಂಪೆನಿಗಳ ಕೈಪಿಡಿಯಲ್ಲಿ ಎರಡನೆಯದೊಂದು ಇರುತ್ತದೆ, ಕಠಿಣ ಬಳಕೆಯದು. ವಿಪರೀತ ಸೆಕೆ, ಧೂಳು, ಸಣ್ಣ ಸಣ್ಣ ಓಟ, ನಿಂತಲ್ಲೇ ಎಂಜಿನ್ ಓಡಿಸುವುದು, ಇವಿದ್ದರೆ ಆಯಿಲು, ಫಿಲ್ಟರುಗಳನ್ನು ಬೇಗ, ಕೆಲವು ಗಾಡಿಗಳಲ್ಲಿ ಅರ್ಧ ಅವಧಿಗೇ, ಬದಲಿಸಬೇಕೆಂದು ಅಲ್ಲಿ ಬರೆದಿರುತ್ತದೆ. ಈ ದೇಶದಲ್ಲಿ ನಮಗೆ ಅನ್ವಯಿಸುವುದು ಅದೇ. ಇಲ್ಲಿನ ಮರಳಿನ ಪುಡಿ ಏರ್ ಫಿಲ್ಟರನ್ನು ದಾಟಿದರೆ ಸಿಲಿಂಡರಿಗೆ ಉಪ್ಪುಕಾಗದದ ಹಾಗೆ.

ಸೆಕೆಯ ಬಗ್ಗೆ ಎರಡು ಮಾತು. ಚಳಿ ದೇಶಗಳಲ್ಲಿ ಬ್ಯಾಟರಿ ಕೈಕೊಡುವುದು ಚಳಿಗಾಲದಲ್ಲಾದರೂ ಅದನ್ನು ಒಳಗಿಂದ ತಿನ್ನುವುದು ಬಿಸಿಯೇ. ಇಲ್ಲಿ ಎರಡು ಮೂರು ವರ್ಷಕ್ಕೆ ಬ್ಯಾಟರಿ ಸಾಯುವುದು ಸಾಮಾನ್ಯ. ಟೈರಿನದು ಪ್ರಾಣದ ವಿಷಯ. ಗಾಳಿ ಕಡಿಮೆಯಾದ ಟೈರು ಓಡುವಾಗ ಬಳುಕಿ ಬಳುಕಿ ಕಾಯುತ್ತದೆ. ಜುಲೈ ಮಧ್ಯಾಹ್ನ, ಕಾದ ಡಾಂಬರಿನ ಮೇಲೆ, ನಾಲ್ಕೈದು ಮಂದಿ ಮತ್ತು ಸಾಮಾನು ತುಂಬಿಕೊಂಡು 140ರ ವೇಗದಲ್ಲಿ ಹೋಗುವಾಗ ಅದು ಒಡೆದರೆ ಸ್ಟಿಯರಿಂಗು ಕೈಯಲ್ಲಿ ನಿಲ್ಲುವುದಿಲ್ಲ. ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲು, ಟೈರು ತಣ್ಣಗಿದ್ದಾಗ ನೋಡಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ. 1422 ಎಂದಿದ್ದರೆ ಅದು 2022ರ 14ನೆಯ ವಾರದಲ್ಲಿ ತಯಾರಾದದ್ದು. ಮೇಲ್ಮೈ ಚೆನ್ನಾಗಿ ಕಂಡರೂ ಐದು ವರ್ಷ ಕಳೆದ ಟೈರನ್ನು ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಕೆಟ್ಟ ಟೈರಿಗೆ 500 ದಿರ್ಹಮು ದಂಡ, ನಾಲ್ಕು ಕಪ್ಪು ಅಂಕ, ಜೊತೆಗೆ ಒಂದು ವಾರ ಗಾಡಿ ಪೊಲೀಸರ ವಶ.

ಸಾಲಿಕ್ ಗೇಟು 2007ರ ಜುಲೈಯಲ್ಲಿ ಬಂದಾಗಿನಿಂದಲೂ ಅದನ್ನು ತಪ್ಪಿಸಿ ಒಳದಾರಿ ಹಿಡಿಯುವ ಜಾಣರು ನಮ್ಮಲ್ಲಿದ್ದಾರೆ. ನಾಲ್ಕೋ ಆರೋ ದಿರ್ಹಮು ಉಳಿಯಬಹುದು. ಹತ್ತು ಸಿಗ್ನಲುಗಳಲ್ಲಿ ಸವೆಯುವ ಬ್ರೇಕಿನ ಲೆಕ್ಕವನ್ನು ಅವರು ಬರೆದಿಡುವುದಿಲ್ಲ.

ಬ್ರೇಕೆಂದಾಗ ಇನ್ನೊಂದು. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿ ಕಂಡವರಿಗೆ ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಗೊತ್ತು. ಅಲ್ ಐನ್‌ನ ಜಬಲ್ ಹಫೀತ್ ಇಳಿಯುವಾಗ ಅದೇ ಮಂದಿ ಆಟೋಮ್ಯಾಟಿಕ್ ಗಾಡಿಯನ್ನು "ಡಿ"ಯಲ್ಲೇ ಬಿಟ್ಟು, ಹನ್ನೊಂದು ಕಿಲೋಮೀಟರಿಗೂ ಮೀರಿದ ಇಳಿಜಾರಿನುದ್ದಕ್ಕೂ ಬ್ರೇಕು ಒತ್ತಿಕೊಂಡು ಬರುತ್ತಾರೆ. ಕೆಳಗೆ ತಲಪುವಾಗ ಸುಟ್ಟ ವಾಸನೆ! ಆಟೋಮ್ಯಾಟಿಕ್ಕಿನಲ್ಲೂ ಕೆಳಗಿನ ಗೇರು ಹಿಡಿಯುವ ಸೌಕರ್ಯವಿದೆ. "ಎಲ್" ಎಂದೋ "2" ಎಂದೋ ಬರೆದಿರುತ್ತದೆ.

2024ರ ಏಪ್ರಿಲ್ 16ರ ಮಳೆಯನ್ನು ಯಾರೂ ಮರೆತಿಲ್ಲ. ಅಲ್ ಐನ್ ಪ್ರದೇಶದ ಖತಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254.8 ಮಿಲಿಮೀಟರು ಸುರಿಯಿತು. 1949ರಿಂದ ದಾಖಲಾದ ಮಳೆಯಲ್ಲೇ ಅದು ಹೆಚ್ಚಿನದು. ನೀರಿನಲ್ಲಿ ನಿಂತುಹೋದ ಗಾಡಿಯನ್ನು ಹಾಗೆಯೇ ಎಳೆಸಿದರೆ ಎಂಜಿನ್ ಉಳಿಯುವ ಸಾಧ್ಯತೆ ಹೆಚ್ಚು. ಮತ್ತೆ ಮತ್ತೆ ಕೀಲಿ ತಿರುಗಿಸಿದರೆ ಕೆಡುತ್ತದೆ. ಕಾರಣ ಸರಳ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸಿಲಿಂಡರಿನೊಳಗೆ ನೀರು ಹೊಕ್ಕರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಆ ದಿನ ಮುಳುಗಿದ ಗಾಡಿಗಳು ಒಣಗಿ, ಹೊಳಪು ಪಡೆದು ಮಾರಾಟಕ್ಕೆ ಬರುವುದುಂಟು. ಕೊಳ್ಳುವ ಮೊದಲು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು ಹಿಡಿದಿದೆಯೇ ನೋಡಿ.

ಇನ್ನು ರಜೆಯ ವಿಷಯ. ಜುಲೈ-ಆಗಸ್ಟಿನಲ್ಲಿ ಸಂಸಾರ ಸಮೇತ ಊರಿಗೆ ಹೋಗುವಾಗ ಗೆಳೆಯರ ಕೈಗೆ ಕೀಲಿ ಕೊಟ್ಟು "ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ" ಎನ್ನುವುದು ವಾಡಿಕೆ. ಅವರು ಪಾಪ, ಐದು ನಿಮಿಷ ಎಂಜಿನ್ ಗುಡುಗಿಸಿ ಇಳಿಯುತ್ತಾರೆ. ಅದರಿಂದ ಸ್ಟಾರ್ಟಿಗೆ ಖರ್ಚಾದ ಬ್ಯಾಟರಿಯ ಶಕ್ತಿಯೂ ಸರಿಯಾಗಿ ಮರಳುವುದಿಲ್ಲ, ಟೈರು ಒಂದೇ ಕಡೆ ಒತ್ತಿಕೊಂಡಿರುವುದೂ ತಪ್ಪುವುದಿಲ್ಲ. ಅರ್ಧ ಗಂಟೆ ಓಡಿಸಲು ಹೇಳಿ, ಪೆಟ್ರೋಲು ನೀವೇ ತುಂಬಿಸಿ ಹೋಗಿ. ಹೇಳಲು ಸಂಕೋಚವಾದರೆ ಕೈಪಿಡಿ ನೋಡಿ ಬ್ಯಾಟರಿಯ ಮೈನಸ್ ತಂತಿ ಕಳಚಿ, ಟೈರಿಗೆ ಗಾಳಿ ಸರಿ ಮಾಡಿ, ನೆರಳಿನಲ್ಲಿ ನಿಲ್ಲಿಸಿ. ಮೇಲಿನ ಧೂಳನ್ನಾದರೂ ಆಗಾಗ ಯಾರಾದರೂ ಒರೆಸಲಿ. ಧೂಳು ಹಿಡಿದು ನಿಂತ ಗಾಡಿಗೆ ಮುನಿಸಿಪಾಲಿಟಿಯವರು ನೋಟೀಸು ಅಂಟಿಸುತ್ತಾರೆ, ಅದನ್ನು ಓದಲು ನೀವು ಇಲ್ಲಿರುವುದಿಲ್ಲ.