ದಾಳಿಂಬೆಯ ಚಾಟಣಿ ಮತ್ತು ಕತ್ತರಿಯ ಶುದ್ಧಿ

ಮುಧೋಳ ತಾಲೂಕಿನಲ್ಲಿ ಘಟಪ್ರಭೆಯ ದಂಡೆಯ ಎರೆಭೂಮಿಯ ಬಹುಭಾಗವು ಕಬ್ಬಿಗೆ ಸಂದಿರುವುದು. ನದಿಯಿಂದ ದೂರದ ಹಗುರವಾದ, ಸುಣ್ಣದ ಅಂಶವುಳ್ಳ ನೆಲಕ್ಕೆ ದಾಳಿಂಬೆಯು ತಕ್ಕ ಬೆಳೆಯಾಗಿದೆ. ಆದರೆ ಈ ಶತಮಾನದ ಮೊದಲ ದಶಕದಲ್ಲಿ ದುಂಡಾಣು ಅಂಗಮಾರಿಯು ಬಾಗಲಕೋಟೆ, ವಿಜಯಪುರ, ಕೊಪ್ಪಳ ಜಿಲ್ಲೆಗಳಲ್ಲಿ ಹಬ್ಬಿದಾಗ ಫಲ ಬಿಡುತ್ತಿದ್ದ ತೋಟಗಳನ್ನೇ ಒಕ್ಕಲಿಗರು ಕಿತ್ತುಹಾಕಬೇಕಾಯಿತು. ಭಾರತದಲ್ಲಿ ಈ ರೋಗವು 1952ರಷ್ಟು ಹಿಂದೆಯೇ ದಾಖಲಾಗಿದ್ದಿತು. ಮಳೆಯ ಹನಿ, ಗಾಳಿ ಇವುಗಳಿಂದ ಅದು ಹಬ್ಬುವುದನ್ನು ತಡೆಯುವುದು ಕಷ್ಟ. ಕತ್ತರಿಯಿಂದ ಹಬ್ಬುವುದನ್ನು ತಡೆಯುವುದು ಪೂರ್ಣವಾಗಿ ನಮ್ಮ ಕೈಯಲ್ಲಿದೆ. ಗೌಡರೂ ಜಮೀನುದಾರರೂ ಇತ್ತ ಲಕ್ಷ್ಯಗೊಡಬೇಕೆಂದು ಬಿನ್ನಹ.

ರೋಗದ ಗುರುತು ಸುಲಭವಾದುದು. ಎಲೆಯ ಮೇಲೆ ಮೊದಲು ನೀರು ನೆನೆದಂಥ ಚಿಕ್ಕ ಚುಕ್ಕೆಗಳೇಳುವವು. ಅನಂತರ ಅವು ಕಪ್ಪಾಗುವವು. ಟೊಂಗೆಯ ಗೆಣ್ಣುಗಳು ಕಪ್ಪಾಗಿ ಅಲ್ಲಿಯೇ ಮುರಿಯುವವು. ಕಾಯಿಯ ಮೇಲೆ ಎಣ್ಣೆ ಸವರಿದಂಥ ಕಲೆ ಮೂಡಿ, ಅದರ ನಡುವೆ ಕವಲೊಡೆದ ಬಿರುಕು ಬೀಳುವುದು. ಇಂಥ ಗೆಣ್ಣನ್ನು ಕೊಯ್ದ ಕತ್ತರಿಯು ಮುಂದಿನ ಗಿಡದ ಹಸಿಗಾಯಕ್ಕೆ ತಗಲಿದರೆ ದುಂಡಾಣುವಿಗೆ ಬೇರೆ ವಾಹನವು ಬೇಕಿಲ್ಲ.

ಆದುದರಿಂದ ಆಳಿಗೆ ಎರಡು ಕತ್ತರಿಗಳಿರಬೇಕು. ಶೇಕಡಾ 2.5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಒಂದು ಅದ್ದಿರುವಾಗ ಇನ್ನೊಂದು ಕೆಲಸ ಮಾಡಲಿ. ಗಿಡಕ್ಕೊಮ್ಮೆ ಅದಲು ಬದಲಾಗಲಿ. ಆರೋಗ್ಯವುಳ್ಳ ಸಾಲುಗಳನ್ನು ಮೊದಲು ಮುಗಿಸಿ ರೋಗದ ಸಾಲಿಗೆ ಕೊನೆಯಲ್ಲಿ ಹೋಗತಕ್ಕದ್ದು. ಮಳೆಯಲ್ಲಿ, ಇಬ್ಬನಿಯಲ್ಲಿ ಗಿಡ ಮುಟ್ಟಬಾರದು. ಚಾಟಣಿಯನ್ನು ಗುತ್ತಿಗೆ ಕೊಟ್ಟು ಬದುವಿನ ಮೇಲೆ ಕುಳಿತುಕೊಳ್ಳುವ ಧನಿಗಳಿದ್ದಾರೆ. ನಿನ್ನೆ ಯಾವ ಊರಿನ ತೋಟದಲ್ಲಿದ್ದಿರೆಂದು ಆಳುಗಳನ್ನು ಅವರು ಕೇಳಲೊಲ್ಲರು. ಕೂಲಿಯ ಚೌಕಾಸಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಚಾಟಣಿಯ ಮುಖ್ಯ ಕಾಲವು ಹಣ್ಣು ಹರಿದ ಕೂಡಲೇ. ಬುಡಕ್ಕೆ ಮೂರು ನಾಲ್ಕು ಕಾಂಡಗಳನ್ನು ಉಳಿಸಿ, ಬೇರಿನಿಂದೇಳುವ ಚಿಗುರನ್ನೂ ಒಣಗಿದ, ಒಂದನ್ನೊಂದು ಒರಸುವ ಟೊಂಗೆಗಳನ್ನೂ ತೆಗೆಯಬೇಕು. ರೋಗದ ಟೊಂಗೆಯನ್ನು ಕಲೆಯಿಂದ ಎರಡು ಅಂಗುಲ ಕೆಳಗೆ ಕೊಯ್ಯಬೇಕು. ದ್ರಾಕ್ಷಿಯನ್ನು ಸವರಿದಂತೆ ದಾಳಿಂಬೆಯನ್ನು ಬೋಳಿಸುವುದು ತಪ್ಪು. ದಾಳಿಂಬೆಯ ಹೂವು ಹೆಚ್ಚಾಗಿ ಬಲಿತ ಟೊಂಗೆಯ ಗಿಡ್ಡ ಕವಲುಗಳ ಮೇಲೆ ಬರುವುದು. ಆ ಕವಲುಗಳು ಮೂರು ನಾಲ್ಕು ವರ್ಷ ಫಲ ಕೊಡುವವು. ಅವನ್ನು ಕಳೆದರೆ ಹೂವು ಕಡಿಮೆಯಾಗಿ, ನಮ್ಮ ಸೀಮೆಯ ಬಿಸಿಲಿಗೆ ತೊಗಟೆಯೂ ಕಾಯಿಯೂ ಸುಡುವವು.

ಕೊಯ್ದ ಗಾಯಕ್ಕೆ ಅದೇ ದಿನ ಬೋರ್ಡೋ ಮುಲಾಮು ಹಚ್ಚಬೇಕು: 10 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ. ಸಿಂಪಡಿಸುವುದಕ್ಕೆ ಇದೇ ತೂಕವು 100 ಲೀಟರ್ ನೀರಿಗೆ ಸಾಕು. ಕಬ್ಬಿಣದ ಪಾತ್ರೆ ಸಲ್ಲದು. ದ್ರಾವಣದಲ್ಲಿ ತಿಕ್ಕಿ ಬೆಳಗಿದ ಚೂರಿಯನ್ನದ್ದಿದಾಗ ಅದಕ್ಕೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿಯನ್ನು ಕೂಡಿಸಬೇಕು.

ಮೂರು ನಾಲ್ಕು ತಿಂಗಳು ಗಿಡಕ್ಕೆ ವಿಶ್ರಾಂತಿ ಕೊಟ್ಟು ಹಸ್ತ ಬಹಾರ ಹಿಡಿಯುವುದು ಲೇಸು. ಕಾಯಿ ಬಲಿಯುವಷ್ಟರಲ್ಲಿ ಮಳೆಗಾಲವು ಹಿಂದೆ ಬಿದ್ದಿರುತ್ತದೆ.

ಇನ್ನು ಕೊಯ್ದ ಟೊಂಗೆಗಳ ಮಾತು. ಉದುರಿದ ಎಲೆಯಲ್ಲಿ ರೋಗಾಣುವು ಕೆಲವು ತಿಂಗಳು ಬದುಕಿರುವುದು. ಟೊಂಗೆಗಳನ್ನು ಹಳ್ಳಕ್ಕೆ ಚೆಲ್ಲುವುದನ್ನೂ ದಾರಿಯ ಬದಿಗೆ ಒಟ್ಟುವುದನ್ನೂ ಗೌಡರು ತಡೆಯಬೇಕು. ಅವನ್ನು ತೋಟದ ಅಂಚಿನಲ್ಲಿಯೇ ಅದೇ ದಿನ ಸುಡಿಸಬೇಕು. ಊರಲ್ಲಿಲ್ಲದ ಧನಿಯ ಪಾಳುಬಿದ್ದ ದಾಳಿಂಬೆಯಿದ್ದರೆ ಅವನಿಗೆ ಹೇಳಿಕಳುಹಿಸಿ, ಮುಂಗಾರಿಗೆ ಮುಂಚೆ ಅದನ್ನು ಕೀಳಿಸುವುದಕ್ಕೆ ಒಪ್ಪಿಸತಕ್ಕದ್ದು.